ನಾನೂರು ಚೀಲದಾಗ ಒಂದು ಕಾಯಿ

ಅವರು ಕಣ್ಣು ಒರೆಸಿಕೊಳ್ಳುತ್ತಿದ್ದದ್ದು ಮೊಣಕೈಯಿಂದ. ಬೆವರಿಳಿದರೂ ಅಷ್ಟೇ, ಧೂಳು ಬಿದ್ದರೂ ಅಷ್ಟೇ, ಅಂಗೈಯನ್ನು ಮುಖದ ಹತ್ತಿರ ತರುತ್ತಿರಲಿಲ್ಲ. ಬ್ಯಾಡಗಿಯ ಮೆಣಸಿನಕಾಯಿ ಪೇಟೆಯಲ್ಲಿ ಮೂವತ್ತು ವರ್ಷ ತೂಕದ ಕಾಟಾ ಹಿಡಿದ ಕೈ ಅದು. ಉಗುರಿನ ಸಂದಿಯಲ್ಲಿ, ಬೆರಳಿನ ಗೆರೆಗಳಲ್ಲಿ ಹೊಕ್ಕು ಕುಳಿತ ಕೆಂಪು ಯಾವ ಸಾಬೂನಿಗೂ ಬಗ್ಗುತ್ತಿರಲಿಲ್ಲ. ಮದುವೆಮನೆಯ ಪಂಕ್ತಿಯಲ್ಲಿ ಅವರ ಪಕ್ಕ ಕುಳಿತವರು ಮೊದಲು ಆ ಕೈ ನೋಡಿ, ಆಮೇಲೆ ಮುಖ ನೋಡುತ್ತಿದ್ದರು. ಅದೇ ಕೆಂಪು ತೋರುಬೆರಳನ್ನು ನನ್ನ ಮೂಗಿನ ತನಕ ಚಾಚಿ ಅವರು ನಾಲ್ಕು ವರ್ಷ ನನ್ನನ್ನು ಬೈದರು. ನಾನೇನು ಬಾಯಿ ಕಟ್ಟಿಕೊಂಡು ಕುಳಿತಿರಲಿಲ್ಲ. ನಾನೂ ಬೈದೆ.

ಊರವರು ಅವರನ್ನು ತೂಕದ ಕಾಕಾ ಅನ್ನುತ್ತಿದ್ದರು. ನಾನೂ ಹಾಗೇ ಅನ್ನುತ್ತಿದ್ದೆ. ಅವರು ನನ್ನನ್ನು ಒಂದು ದಿನವೂ ಹೆಸರು ಹಿಡಿದು ಕರೆಯಲಿಲ್ಲ. "ಏ ಲಾಟ್ರಿ!" ಅನ್ನುತ್ತಿದ್ದರು, ಅಷ್ಟೇ. ಏಕೆಂದರೆ ನನ್ನದು ಲಾಟರಿ ಅಂಗಡಿ.

ಈಗಿನ ಹುಡುಗರಿಗೆ ಹೇಳಿದರೆ ನಂಬುವುದಿಲ್ಲ. ಆಗ ಬಸ್‌ಸ್ಟ್ಯಾಂಡು, ಸಂತೆ, ಕೋರ್ಟು, ಎಲ್ಲಿ ನಾಲ್ಕು ಜನ ನಿಲ್ಲುತ್ತಾರೋ ಅಲ್ಲೊಂದು ಲಾಟರಿ ಅಂಗಡಿ ಇರುತ್ತಿತ್ತು. ನನ್ನದು ಪೇಟೆಯ ಗೇಟಿನ ಎದುರು, ಚಹಾದಂಗಡಿಗೆ ಹತ್ತಿಕೊಂಡಿದ್ದ ಮೂರು ತಗಡಿನ ಗೂಡು. ಬಿ.ಎ. ಎರಡನೇ ವರ್ಷಕ್ಕೆ ಕೈಬಿಟ್ಟು ಬಂದವನಿಗೆ ಅದೇ ಸಿಂಹಾಸನ. ಹಗ್ಗ ಕಟ್ಟಿ ಬಣ್ಣಬಣ್ಣದ ಟಿಕೆಟುಗಳನ್ನು ತೂಗುಬಿಟ್ಟು, ಬಾಗಿಲಲ್ಲಿ ಒಂದು ಕರಿಹಲಗೆ ಇಟ್ಟು, ಹಿಂದಿನ ದಿನ ಗೆದ್ದ ನಂಬರುಗಳನ್ನು ಸೀಮೆಸುಣ್ಣದಿಂದ ಬರೆಯುತ್ತಿದ್ದೆ. ಮಾತು ನನಗೆ ಅಜ್ಜಿಯಿಂದ ಬಂದದ್ದು. ನನ್ನ ಅಜ್ಜಿ ಬೈಯುವಾಗಲೂ 'ರೀ' ಬಿಡುತ್ತಿರಲಿಲ್ಲ. "ನಿಮ್ಮ ನಾಲಿಗಿಗೆ ಗೆದ್ದಲ ಹತ್ತಲ್ರೀ ಯಪ್ಪಾ," ಅನ್ನುತ್ತಿದ್ದಳು, ಆಶೀರ್ವಾದ ಮಾಡಿದ ಹಾಗೆ. ತೂಕದ ಕಾಕಾನ ಮೇಲೆ ನಾನು ಆ ಬಂಡವಾಳವನ್ನೆಲ್ಲ ಖರ್ಚು ಮಾಡಿದೆ.

ಅವರಿಗೆ ನನ್ನ ಅಂಗಡಿಯ ಮೇಲೆ ಏಕೆ ಅಷ್ಟು ದ್ವೇಷ ಎಂಬುದಕ್ಕೆ ಊರಲ್ಲಿ ಏನೇನೋ ಕಥೆ ಇದ್ದವು. ತಮ್ಮನೊಬ್ಬ ಲಾಟರಿಯಲ್ಲಿ ಮನೆ ಕಳೆದ ಅಂತ ಒಬ್ಬರು, ಸ್ವತಃ ಅವರೇ ಕಳೆದುಕೊಂಡಿದ್ದಾರೆ ಅಂತ ಇನ್ನೊಬ್ಬರು. ಒಂದೂ ಖರೆ ಅಲ್ಲ. ಅವರಿಗೆ ತಮ್ಮನೇ ಇರಲಿಲ್ಲ. ನಾನು ಒಮ್ಮೆ ನೇರವಾಗಿ ಕೇಳಿದ್ದೆ. ಕೊಟ್ಟ ಉತ್ತರ ಇಷ್ಟೇ: "ನಾ ತೂಕದಾಂವ. ನೀ ತೂಕ ಇಲ್ಲದ್ದನ್ನ ಮಾರತೀದಿ. ನನಗ ನಿನ್ನ ಮಾರಿ ನೋಡಿದ್ರ ಹೊಟ್ಟಿ ತೊಳಸತೈತಿ."

ಅವರ ಕೆಲಸದ ಬಗ್ಗೆ ಒಂದು ಮಾತು ಹೇಳಿಬಿಡಬೇಕು, ಮುಂದಿನದೆಲ್ಲ ಅದರ ಮೇಲೇ ನಿಂತಿದೆ. ರೈತರು ತಂದ ಕಾಯನ್ನು ದಲಾಲಿ ಅಂಗಡಿಯ ಮುಂದೆ ರಾಶಿ ಸುರಿಯುತ್ತಾರೆ. ಪ್ರತಿ ರಾಶಿಗೂ ಒಂದು ನಂಬರು. ಅದಕ್ಕೆ ಲಾಟ್ ನಂಬರು ಅನ್ನುತ್ತಾರೆ. ಖರೀದಿದಾರರು ರಾಶಿ ನೋಡಿ, ಕಾಯಿ ಮುರಿದು ನೋಡಿ, ಆ ನಂಬರಿನ ಎದುರು ತಮ್ಮ ದರ ಬರೆದು ಪೆಟ್ಟಿಗೆಗೆ ಹಾಕುತ್ತಾರೆ. ಹೆಚ್ಚು ಬರೆದವರಿಗೆ ಮಾಲು. ಅಂದರೆ ರಾಶಿಯ ಮೇಲೆ ಸಿಕ್ಕಿಸಿದ ಚೀಟಿಯೇ ಆ ರೈತನ ವರ್ಷದ ದುಡಿಮೆಯ ಹೆಸರು. ಒಂದು ಅಂಕಿ ತಪ್ಪಿದರೆ ಒಬ್ಬನ ಕಾಯಿ ಇನ್ನೊಬ್ಬನ ದರಕ್ಕೆ ಹೋಗುತ್ತದೆ. ತೂಕದ ಕಾಕಾ ಕೆಲಸ ಮಾಡುತ್ತಿದ್ದ ಅಂಗಡಿಯಲ್ಲಿ ಕಾಟಾ ಹಿಡಿಯುವುದರ ಜೊತೆಗೆ ಆ ಚೀಟಿ ಬರೆಯುವುದೂ ಅವರದೇ. ಸೀಸನ್ನಿನ ಮೊದಲ ದಿನ ಒಂದರಿಂದ ಶುರು ಮಾಡಿ ಕೊನೆಯ ತನಕ ಕನ್ನಡ ಅಂಕಿಯಲ್ಲೇ ಬರೆಯುತ್ತಿದ್ದರು. ಕಾಟಾದ ಮುಳ್ಳು ನಿಲ್ಲುವ ತನಕ ಉಸಿರು ಬಿಡದ ಮನುಷ್ಯ. ರೈತ ನೀರು ಹೊಡೆದು ಕಾಯಿ ತಂದಿದ್ದರೆ ಅವನ ಮುಖದ ಮೇಲೇ, "ಏನ್ರಿ, ಕಾಯಿ ತಂದೀರೋ ಕೆರಿ ತಂದೀರೋ?" ಅನ್ನುವವರು. ಅಂಗಡಿಯ ಸಾಹುಕಾರರು ಒಂದು ಕಿಲೋ ಹಿಂದೆಮುಂದೆ ಮಾಡಿರಿ ಎಂದರೂ ಅದೇ ದನಿ. ಯಾರಿಗೂ ಬೇಕಾದವರಲ್ಲ. ಆದರೆ ಅವರ ಕಾಟಾಕ್ಕೆ ಎದುರಾಡಿದವರನ್ನು ನಾನು ನೋಡಿಲ್ಲ.

ಈಗ ಜಗಳಕ್ಕೆ ಬರುತ್ತೇನೆ.

ಒಂದು ಸಲ ದೊಡ್ಡ ಬಂಪರ್ ಬಂದಿತ್ತು. ಹಮಾಲರು, ತೊಟ್ಟು ಬಿಡಿಸುವ ಹೆಣ್ಣುಮಕ್ಕಳು, ಲಾರಿಯವರು, ಎಲ್ಲ ನನ್ನ ಅಂಗಡಿಯ ಮುಂದೆ. ಮಧ್ಯಾಹ್ನ ಚಹಾಕ್ಕೆ ಬಂದ ತೂಕದ ಕಾಕಾ ಬಸಿ ಕೈಯಲ್ಲಿ ಹಿಡಿದೇ ಕೂಗಿದರು.

"ಏ ಲಾಟ್ರಿ, ಈ ಬಂಪರ್‌ದಾಗ ಟಿಕೆಟ್ ಎಷ್ಟ ಅದಾವ?"

"ಹತ್ತು ಸೀರೀಸ್ ಅದಾವ್ರಿ ಕಾಕಾ. ಒಂದೊಂದರಾಗ ಹತ್ತು ಲಕ್ಷ."

"ಅಂದ್ರ ಒಂದು ಕೋಟಿ."

"ಬಹುಮಾನನೂ ಒಂದು ಕೋಟಿನ ಐತ್ರಿ!" ಎಂದೆ ನಾನು. ಜನ ನಕ್ಕರು.

ಕಾಕಾ ನಗಲಿಲ್ಲ. ಪಕ್ಕದಲ್ಲಿ ನಿಂತಿದ್ದ ತಮ್ಮ ಅಂಗಡಿಯ ಹಮಾಲನ ಕಡೆ ತಿರುಗಿದರು. "ಒಂದು ಕಿಲೋಕ್ಕ ಎಷ್ಟ ಕಾಯಿ ಬರತಾವಲೇ?"

"ಚಲೋ ಒಣಗಿದ್ದಿದ್ರ ಸಾವಿರದ ಆಜೂಬಾಜೂ ಬರತಾವ್ರಿ."

"ಸಣ್ಣ ಚೀಲಕ್ಕ?"

"ಇಪ್ಪತ್ತೈದು ಕಿಲೋ. ಇಪ್ಪತ್ತೈದು ಸಾವಿರ ಕಾಯಿ."

"ಹಂಗಾರ ಒಂದು ಕೋಟಿ ಕಾಯಿಗೆ ನಾನೂರು ಚೀಲ." ಚಹಾದ ಬಸಿ ಕೆಳಗಿಟ್ಟರು. "ನಾನೂರು ಚೀಲ ಒಟ್ಟಿದ್ದು ನೋಡೀರಿಲ್ಲೋ? ಗೋಡಾನಿನ ಛತ್ತ ಮುಟ್ಟತಾವ. ಅದರಾಗ ಯಾವದೋ ಒಂದು ಚೀಲದ ನಡುಮಧ್ಯ, ಒಂದು ಕಾಯಿಗೆ ದಾರ ಕಟ್ಟಿ ಇಟ್ಟಾರ. ನಿಮ್ಮ ಕಣ್ಣಿಗೆ ಅರಿವಿ ಕಟ್ಟತಾರ. ಒಮ್ಮೆ ಕೈ ಹಾಕಬೇಕು, ಒಂದ ಕಾಯಿ ತಗೀಬೇಕು. ದಾರದ ಕಾಯಿ ಬಂತು, ನೀವು ಸಾವ್ಕಾರ್ರು. ಬರಲಿಲ್ಲ, ಈ ಲಾಟ್ರಿ ಮನ್ಯಾಗ ಹೋಳಿಗಿ."

"ಹತ್ತು ಟಿಕೆಟ್ ತಗೊಂಡ್ರರೀ?" ಎಂದು ಹಮಾಲ ಕೇಳಿದ.

"ಹತ್ತು ಕಾಯಿ ತಗದಂಗ. ಉಳಿದದ್ದು ನಾನೂರು ಚೀಲನ."

ಗುಂಪು ಸ್ವಲ್ಪ ತಣ್ಣಗಾಯಿತು. ನಾನು ಕೂಡಲೇ ದನಿ ಎತ್ತಿದೆ: "ಆ ಒಂದು ಕಾಯಿ ಯಾರ ಕೈಗರ ಸಿಗಾಕಬೇಕಲ್ರಿ ಕಾಕಾ! ಅದು ಬ್ಯಾಡಗ್ಯಾವರ ಕೈ ಯಾಕ ಆಗಬಾರದು? ನಾನೂರು ಚೀಲದಾಗ ಕೈ ಆಡಸಾವ್ರು ನಮ್ಮೂರವರ ಬಿಟ್ಟು ಇನ್ಯಾರ ಅದಾರ?"

ಜನ ಹೋ ಎಂದರು. ಟಿಕೆಟು ಹೋದವು. ಕಾಕಾ ನನ್ನ ಕಡೆ ಉಗುಳಲಿಲ್ಲ, ಪಕ್ಕಕ್ಕೆ ಉಗುಳಿದರು. ನನಗೆ ಅದೇ ಹೆಚ್ಚು ಅವಮಾನ ಅನ್ನಿಸಿತು.

ಮಾರನೆಯ ದಿನದಿಂದ ಹೊಸ ಕಾಟ. ಚಹಾದಂಗಡಿಯ ಕಟ್ಟೆಯ ಮೇಲೆ, ನನ್ನ ಬಾಗಿಲಿಗೆ ಎರಡು ಮಾರು ದೂರದಲ್ಲಿ, ಒಂದು ಬುಟ್ಟಿ ತಂದಿಟ್ಟರು. ಅದರಲ್ಲಿ ತೂಗಿ ಹಾಕಿದ ಒಂದೇ ಒಂದು ಕಿಲೋ ಕಾಯಿ. ಒಂದು ಕಾಯಿಗೆ ಬಿಳಿ ದಾರದ ಎಳೆ. "ನಾನೂರು ಚೀಲ ಹೊತ್ತು ತರಾಕ ನನಗ ಆಗೂದಿಲ್ಲ. ಒಂದ ಕಿಲೋ ಐತಿ. ಟಿಕೆಟ್ ತಗೋಳಾಕ ಬಂದಾವ್ರು ಮದಲ ಇದರಾಗ ಕೈ ಹಾಕ್ರಿ. ದಾರದ ಕಾಯಿ ಬಂದ್ರ ನಿಮ್ಮ ಟಿಕೆಟ್ ನಾ ಕೊಡಸ್ತೇನಿ."

ಒಂದು ಟವೆಲಿನಿಂದ ಕಣ್ಣು ಕಟ್ಟಿ ಎಲ್ಲರ ಕೈ ಹಾಕಿಸಿದರು. ದಿನಾ ಹತ್ತು ಹದಿನೈದು ಜನ. ಮೊದಲು ಚೇಷ್ಟೆ, ಆಮೇಲೆ ಹಟ. ಕೈ ಹಾಕುವವರು, ಸೀನುವವರು, ಬರಿಗೈಯಲ್ಲಿ ನಗುವವರು. ವಾರದ ಮೇಲೆ ವಾರ ಹೋಯಿತು, ದಾರದ ಕಾಯಿ ಬರಲಿಲ್ಲ. "ಸಾವಿರದಾಗ ಒಂದು ಸಿಗವಲ್ದು, ಕೋಟ್ಯಾಗ ಒಂದು ಎಲ್ಲಿ ಸಿಗತೈತೋ?" ಎಂದು ಜನ ತಾವೇ ಅನ್ನತೊಡಗಿದರು. ನನ್ನ ಗಿರಾಕಿ ಅರ್ಧಕ್ಕಿಳಿಯಿತು. ನಾನು ಚಹಾದಂಗಡಿಯವನಿಗೆ, ನಿನ್ನ ಚಹಾದಲ್ಲಿ ಖಾರದ ಧೂಳು ಬೀಳುತ್ತಿದೆ ಎಂದು ಚುಚ್ಚಿಕೊಟ್ಟೆ. ಅವನು ಬುಟ್ಟಿ ತೆಗೆಸಲಿಲ್ಲ. ಬುಟ್ಟಿಯಿಂದ ಅವನ ಚಹಾ ಹೆಚ್ಚು ಹೋಗುತ್ತಿತ್ತು. ನಾನು ಕರಿಹಲಗೆಯ ಮೇಲೆ 'ಕಾಟಾ ಹೊಡೆಯುವವರಿಗೆ ಇಲ್ಲಿ ಟಿಕೆಟ್ ಇಲ್ಲ' ಎಂದು ಬರೆದೆ. ಅವರು ಅದನ್ನು ಓದಿ, 'ಹೊಡೆಯುವ' ಎಂಬಲ್ಲಿ ಒಂದು ಒತ್ತಕ್ಷರ ಬಿಟ್ಟೀದಿ ಎಂದು ಬೆರಳಿನಿಂದ ತೋರಿಸಿ ಹೋದರು. ಅಲ್ಲಿ ಒತ್ತಕ್ಷರವೇ ಇಲ್ಲ ಎಂದು ನನಗೆ ಹೊಳೆದದ್ದು ಅರ್ಧ ಗಂಟೆಯ ನಂತರ.

ಆರು ವಾರಕ್ಕೆ ಒಬ್ಬಾಕೆಗೆ ಬಿತ್ತು. ತೊಟ್ಟು ಬಿಡಿಸುವ ಹೆಣ್ಣುಮಗಳು, ಮೋಟೆಬೆನ್ನೂರಿನ ಕಡೆಯವಳು. ಕೈ ಹಾಕಿದಳು, ತೆಗೆದಳು, ಬಿಳಿ ದಾರ ತೂಗಾಡಿತು. ದಿನಕ್ಕೆ ಸಾವಿರಾರು ಕಾಯಿ ಮುಟ್ಟುವ ಬೆರಳಿಗೆ ದಾರದ ಸುಳಿವು ಹತ್ತಿತೋ, ಅದೃಷ್ಟವೋ, ನನಗೆ ಗೊತ್ತಿಲ್ಲ. ಜನ ಮಾತ್ರ ಅವಳನ್ನು ಎತ್ತಿಕೊಂಡು ಕುಣಿಯುವುದೊಂದು ಬಾಕಿ. ಕಾಕಾ ಮಾತಿಗೆ ತಪ್ಪಲಿಲ್ಲ. ನನ್ನ ಬಾಗಿಲಿಗೆ ಬಂದು ಟಿಕೆಟು ಕೊಂಡು ಅವಳ ಕೈಗಿಟ್ಟರು. ಅದರ ಬೆನ್ನಿಗೇ ಗುಂಪು ನನ್ನ ಅಂಗಡಿಗೆ ನುಗ್ಗಿತು. ಆ ದಿನ ಸಂಜೆಗೆ ನನ್ನ ಹಗ್ಗ ಖಾಲಿ.

"ಹೆಂಗ್ರಿ ಕಾಕಾ? ಬಿತ್ತಿಲ್ಲೋ?" ಎಂದು ನಾನು ಮೀಸೆ ತಿರುವಿದೆ.

"ಬಿತ್ತು. ಬೀಳೂದಿಲ್ಲಂತ ನಾ ಎಂದ ಅಂದೇನಿ? ಸಾವಿರದಾಗ ಒಂದಂತ ಅಂದೇನಿ." ಬುಟ್ಟಿಯನ್ನು ಬಗಲಲ್ಲಿ ಹಿಡಿದು, ಟಿಕೆಟಿಗಾಗಿ ನೂಕಾಡುತ್ತಿದ್ದ ಜನರನ್ನು ಬಹಳ ಹೊತ್ತು ನೋಡುತ್ತ ನಿಂತರು. ಮರುದಿನದಿಂದ ಬುಟ್ಟಿ ಬರಲಿಲ್ಲ. ನಾನು ಗೆದ್ದೆ ಅಂದುಕೊಂಡೆ.

ಮುಂದಿನ ಸೀಸನ್ನಿನ ಮಾತು. ಆ ಹೊತ್ತಿಗೆ ಪೇಟೆಯಲ್ಲಿ ಒಂದು ರೂಢಿ ಬೆಳೆದಿತ್ತು. ಯಾವ ರಾಶಿಗೆ ಎಲ್ಲಕ್ಕಿಂತ ಹೆಚ್ಚು ದರ ಬಿತ್ತೋ, ಆ ಲಾಟ್ ನಂಬರಿಗೆ ದೈವ ಒಲಿದಿದೆ ಎಂದು ಲೆಕ್ಕ. ಅದೇ ಮೂರು ಅಂಕಿಯಿಂದ ಮುಗಿಯುವ ಟಿಕೆಟು ಹುಡುಕಿ ಕೊಳ್ಳುತ್ತಿದ್ದರು. ದೇವರಗುಡ್ಡದ ಜಾತ್ರೆಯಲ್ಲಿ ನುಡಿಯುವ ಕಾರಣಿಕದ ಭವಿಷ್ಯಕ್ಕೂ ಅಂಕಿ ಹೊಂದಿಸುತ್ತಿದ್ದ ಜನ, ರಾಶಿಯ ಚೀಟಿಯನ್ನು ಬಿಡುತ್ತಾರೆಯೇ? ಇದು ತೂಕದ ಕಾಕಾಗೆ ಗಾಯಕ್ಕೆ ಉಪ್ಪು ಹಾಕಿದ ಹಾಗಿತ್ತು. ತಾವು ಬರೆದ ಅಂಕಿ ನನ್ನ ಅಂಗಡಿಯಲ್ಲಿ ಮಾರಾಟ ಆಗುವುದೆಂದರೇನು! "ನನ್ನ ಲಾಟ್‌ನ್ಯಾಗ ಕಾಯಿ ಇರತಾವ. ನಿನ್ನ ಲಾಟ್ರ್ಯಾಗ ಏನ ಇರತೈತಲೇ, ಹೊಟ್ಟು?" ಎಂದು ಗೇಟಿನಿಂದಲೇ ಕೂಗುತ್ತಿದ್ದರು. "ಕೊನೇ ಮೂರಂಕಿ ಗೊತ್ತಾದ್ರೂ ಇನ್ನ ಹತ್ತು ಸಾವಿರ ಕಾಯಿ ಉಳೀತಾವ್ರೋ, ಹತ್ತು ಕಿಲೋ!" ಎಂದು ಹಮಾಲರ ಹಿಂದೆ ಬೀಳುತ್ತಿದ್ದರು. ಕೇಳುವವರಿಲ್ಲ.

ಹೊಸರಿತ್ತಿ ಕಡೆಯ ಒಬ್ಬ ರೈತರ ರಾಶಿಗೆ ಆ ವರ್ಷದ ಎಲ್ಲಕ್ಕಿಂತ ದೊಡ್ಡ ದರ ಬಿತ್ತು. ಸುದ್ದಿ ಹರಡುತ್ತಲೇ ನಾನು ಅಂಗಡಿಗೆ ಪರದೆ ಎಳೆದು ಒಳಗೆ ಓಡಿದೆ. ಆ ದಿನದ ಘಾಟು ಎಂಥದು! ಮೂಗಿಗೆ ಕರವಸ್ತ್ರ, ಕಣ್ಣಲ್ಲಿ ಧಾರೆ ನೀರು. ಜನರ ಹೆಗಲ ಸಂದಿಯಿಂದ ಇಣುಕಿ, ರಾಶಿಯ ಮೇಲಿನ ಚೀಟಿ ಓದಿಕೊಂಡು ಹೊರಗೆ ಬಂದೆ. ಬಂದವನೇ ಕರಿಹಲಗೆಯ ಮೇಲೆ ಇಂಗ್ಲಿಷ್ ಅಂಕಿಯಲ್ಲಿ ಗೇಣುದ್ದ ಬರೆದೆ: 'ಭಾಗ್ಯದ ಲಾಟ್ 919'. ಶನಿವಾರ ಬಂಪರ್ ಡ್ರಾ ಇತ್ತು. ಮರುದಿನವೇ ಬಸ್ ಹತ್ತಿ ರಾಣೆಬೆನ್ನೂರಿಗೆ ಹೋದೆ, ಅಲ್ಲಿಂದ ಹಾವೇರಿಗೆ ಹೋದೆ. ಎರಡೂ ಊರಿನ ಏಜೆಂಟರ ಮುಂದೆ ಕುಳಿತು, ಕಟ್ಟುಗಳನ್ನು ತಿರುವಿ, 919 ಇದ್ದ ಟಿಕೆಟುಗಳನ್ನಷ್ಟೇ ಆರಿಸಿ ತಂದೆ. ಶುಕ್ರವಾರ ಅವೆಲ್ಲ ಖರ್ಚು.

ಅದೇ ಶುಕ್ರವಾರ ತೂಕದ ಕಾಕಾ ನನ್ನ ಹಲಗೆಯ ಮುಂದೆ ನಿಂತರು. ಬೈಗುಳಕ್ಕೆ ನಾನು ತಯಾರಾದೆ. ಅವರು 919 ಎಂಬುದನ್ನು ಓದಿದರು, ನನ್ನ ಮುಖ ನೋಡಿದರು, ನಕ್ಕರು. ನಾಲ್ಕು ವರ್ಷದಲ್ಲಿ ಅವರ ಹಲ್ಲು ನಾನು ನೋಡಿದ್ದು ಆ ದಿನ. "ಯಾವ ನಂಬರ್ ಆದ್ರೇನು, ಎಲ್ಲಾ ಅಷ್ಟ," ಅಂದು ಹೋಗಿಬಿಟ್ಟರು.

ರವಿವಾರ ಮೊದಲ ಬಸ್ಸಿಗೆ ಪೇಪರು ಬಂತು. ಮೊದಲ ಬಹುಮಾನದ ಕೊನೆಯ ಮೂರು ಅಂಕಿ 616.

ಮೊದಲು ಎಲ್ಲರೂ ತಮ್ಮ ದೈವವನ್ನೇ ಬೈದುಕೊಂಡರು. ಹತ್ತು ನಿಮಿಷಕ್ಕೆ ಕಾಕಾನ ಅಂಗಡಿಯ ಆ ಹಮಾಲ ಓಡುತ್ತ ಬಂದ. ಆ ರಾಶಿಗೆ ಚೀಟಿ ಸಿಕ್ಕಿಸಿದವನು ಅವನೇ. ಮಾಲು ತುಂಬಿಸಿದ ಮೇಲೆ ಅದನ್ನು ಭಾಗ್ಯ ಅಂತ ಕಿಸೆಯಲ್ಲಿಟ್ಟುಕೊಂಡಿದ್ದ. "ಏ, ಚೀಟ್ಯಾಗ ಆರ ಐತ್ರೋ! ಆರನೂರಾ ಹದಿನಾರು! ಈ ಮಗಾ ಒಂಬತ್ತು ಬರದಾನ!"

ಕನ್ನಡದ ಆರಕ್ಕೂ ಒಂಬತ್ತಕ್ಕೂ ಬಾಲ ತಿರುಗುವುದರಲ್ಲಷ್ಟೇ ವ್ಯತ್ಯಾಸ. ಬೆವರಿಗೆ ಮಸಿ ಹರಡಿದ ಆ ಚೀಟಿ ಕೈಯಿಂದ ಕೈಗೆ ಹೋಯಿತು. ಕೆಲವರು ಆರು ಅಂದರು, ಕೆಲವರು ಒಂಬತ್ತು ಅಂದರು. ಅಕ್ಕಪಕ್ಕದ ರಾಶಿಯ ಚೀಟಿಗಳು ಕಸಕ್ಕೆ ಹೋಗಿದ್ದವು, ರವಿವಾರ ಅಂತ ದಲಾಲಿ ಅಂಗಡಿಯ ಬುಕ್ಕು ಬೀಗದೊಳಗಿತ್ತು. ನನ್ನ ಕೈಗೂ ಬಂತು. ಘಾಟಿಲ್ಲ, ಕಣ್ಣಲ್ಲಿ ನೀರಿಲ್ಲ, ಬೆಳಗಿನ ಬೆಳಕು. ಅದು ಆರು. ತೂಕದ ಕಾಕಾನ ಕೈಯ ಸ್ವಚ್ಛ ಆರು. ೬೧೬. ಚೀಟಿಯನ್ನು ಹಮಾಲನಿಗೆ ತಿರುಗಿ ಕೊಟ್ಟೆ. "ಒಂಬತ್ತೈತ್ರಿ," ಅಂದೆ.

ಒಬ್ಬ ಹಲಗೆ ಕಿತ್ತು ನೆಲಕ್ಕೆ ಬಡಿದ. ಒಬ್ಬ ತಗಡಿಗೆ ಒದ್ದ. "ಕೋಟಿ ರೂಪಾಯಿ ನಮ್ಮೂರಿಗೆ ಬರೂದಿತ್ತಲೇ!" ಎಂದು ಚೀರಿದರು. ಅವರ ಸಿಟ್ಟಿನಲ್ಲಿ ಲೆಕ್ಕ ಇರಲಿಲ್ಲ. 616 ಬರೆದಿದ್ದರೂ ಕೋಟಿ ಅವರಿಗೆ ಬರುತ್ತಿತ್ತೆಂದು ಏನು ಖಾತ್ರಿ? ಅದನ್ನು ಹೇಳುವ ಬಾಯಿ ಊರಲ್ಲಿ ಒಂದೇ ಇತ್ತು. ಆ ಬಾಯನ್ನೇ ಕರೆತರಲು ಇಬ್ಬರು ಓಡಿದರು. ಬರೆದವನೇ ಹೇಳಲಿ ಎಂದು ತೀರ್ಮಾನ ಆಗಿತ್ತು.

ಕಾಕಾ ಬನಿಯನ್, ಧೋತರದಲ್ಲೇ ಬಂದರು. ಹಮಾಲ ಚೀಟಿ ಮುಂದೆ ಹಿಡಿದ. "ಕಾಕಾ, ಇದು ನಿಮ್ಮ ಕೈಯಾಗಿಂದು. ಇದು ಆರೋ ಒಂಬತ್ತೋ? ಆರು ಅಂದ್ರ ಇವನ ಅಂಗಡಿ ಇವತ್ತು ಇರಾಂಗಿಲ್ಲ."

ಅವರು ಚೀಟಿ ನೋಡಿದರು. ಗುಂಪು ನೋಡಿದರು. ಗುಂಪಿನಲ್ಲಿದ್ದ ಮೋಟೆಬೆನ್ನೂರಿನ ಆ ಹೆಣ್ಣುಮಗಳ ಮೇಲೆ ಅವರ ಕಣ್ಣು ಒಂದು ಗಳಿಗೆ ನಿಂತಿತು. ಅವಳ ಕೈಯಲ್ಲಿ ಎರಡು 919 ಇದ್ದವು. ಆಮೇಲೆ ನನ್ನನ್ನು ನೋಡಿದರು. ಅಂಥ ನೋಟವನ್ನು ನಾನು ವೈರಿಗೂ ಬಯಸುವುದಿಲ್ಲ, ಆದರೆ ನಾನೇ ಅವರ ವೈರಿ.

"ಒಂಬತ್ತ," ಅಂದರು.

"ಖರೇ ಹೇಳ್ರಿ ಕಾಕಾ!"

"ಮೂವತ್ತು ವರ್ಷ ಬರದೇನಿ. ನನ್ನ ಒಂಬತ್ತು ನನಗ ಗುರ್ತ ಹತ್ತೂದಿಲ್ಲೇನಲೇ? ಲಾಟ್ ನಂಬರ್ ಒಂಬೈನೂರಾ ಹತ್ತೊಂಬತ್ತು. ಬಂದದ್ದು ಆರನೂರಾ ಹದಿನಾರು. ನಿಮ್ಮ ಲಾಟಿಗೂ ಈ ಹೊಲಸ ಲಾಟ್ರಿಗೂ ಏನೂ ಸಂಬಂಧ ಇಲ್ಲ. ಹೋಗ್ರಿ ಮನೀಗೆ."

ಚೀಟಿಯನ್ನು ಹಮಾಲನ ಬೆರಳಿನಿಂದ ಕಿತ್ತುಕೊಂಡು, ಮುದುಡಿ, ಚಹಾದ ಒಲೆಗೆ ಹಾಕಿ ಹೊರಟುಹೋದರು.

ಅವರ ಮಾತಿನ ಮೇಲೆ ಮಾತಾಡುವವರು ಇರಲಿಲ್ಲ. ಗುಂಪು ಕರಗಿತು. ನನ್ನ ತಗಡು ಉಳಿಯಿತು. ಆ ವಾರದಿಂದ ಲಾಟ್ ನಂಬರು ನೋಡಿ ಟಿಕೆಟು ಕೊಳ್ಳುವ ರೂಢಿಯೂ ತಣ್ಣಗೆ ಸತ್ತಿತು. ದೊಡ್ಡ ದರದ ರಾಶಿಯ ನಂಬರೇ ಹುಸಿ ಹೋಯಿತಲ್ಲ!

ಸೋಮವಾರದ ಸುದ್ದಿ ನನಗೆ ಚಹಾದಂಗಡಿಯವನು ಹೇಳಿದ. ಅವನು ದಲಾಲಿ ಅಂಗಡಿಗೆ ಚಹಾ ಕೊಡಲು ಹೋದಾಗ ಸಾಹುಕಾರರು ಕಾಕಾನನ್ನು ಎದುರು ನಿಲ್ಲಿಸಿಕೊಂಡಿದ್ದರು. "ನಮ್ಮ ಬುಕ್ಕಿನ್ಯಾಗ ಆ ರಾಶಿ 616 ಅಂತ ಐತ್ರಿ. ನೀವು ಊರ ಮುಂದ ನಿಂತು, ಚೀಟಿ ಮ್ಯಾಲೆ ಒಂಬತ್ತು ಬರದೇನಿ ಅಂದೀರಿ. ಬುಕ್ಕಿನ್ಯಾಗೊಂದು, ಚೀಟ್ಯಾಗೊಂದು ಅಂತ ರೈತರಿಗೆ ಗೊತ್ತಾದ್ರ ನಮ್ಮ ಅಂಗಡಿ ಮುಂದ ಯಾರರ ಚೀಲ ಇಳಸ್ತಾರೇನ್ರಿ? ಖರೇನ ಒಂಬತ್ತು ಬರದೀರಿ?"

"ಬರದೇನ್ರಿ. ತಪ್ಪಾತು," ಅಂದರಂತೆ ತೂಕದ ಕಾಕಾ.

ಆ ದಿನವೇ ಚೀಟಿ ಬರೆಯುವುದು ತಪ್ಪಿತು. ಅಂಕಿ ಎಡವಿದವನ ಕೈಯಲ್ಲಿ ಕಾಟಾ ಹೇಗೆ ಬಿಡುವುದು? ಹದಿನೈದು ದಿನಕ್ಕೆ ಅದೂ ಹೋಯಿತು. ಚಹಾದಂಗಡಿಯವನ ಬಾಯಿ ಕಟ್ಟಿ, ವಿಷಯ ಇನ್ನು ಹೊರಗೆ ಬಾರದಂತೆ ಸಾಹುಕಾರರು ನೋಡಿಕೊಂಡರು. ವಯಸ್ಸಾಯಿತು, ಕಣ್ಣು ಮಂಜಾಗಿದೆ ಎಂದು ಜನ ಅಂದುಕೊಂಡರು. ಕಾಕಾ ಊರ ಹೊರಗಿನ ಕೋಲ್ಡ್ ಸ್ಟೋರೇಜಿನ ಗೇಟಿನಲ್ಲಿ ಲಾರಿಗೆ ಏರುವ ಚೀಲಗಳ ಮೇಲೆ ಕಣ್ಣಿಡುವ ಕೆಲಸಕ್ಕೆ ಸೇರಿದರು.

ಅಲ್ಲಿಗೆ ಹೋಗಲು ನನಗೆ ಒಂದು ತಿಂಗಳು ಬೇಕಾಯಿತು. ಸ್ಟೂಲಿನ ಮೇಲೆ ಕುಳಿತಿದ್ದರು. ನನ್ನನ್ನು ನೋಡಿ ಮುಖ ತಿರುಗಿಸಿದರು.

"ಕಾಕಾ, ಅದು ಆರ ಇತ್ರಿ."

"ಬರದಾಂವಗ ಹೇಳಾಕ ಬಂದಿ?"

"ನನ್ನ ಉಳಸಾಕ ನೀವು..."

"ನಿನ್ನ ಉಳಸಾಕ?" ಎದ್ದು ನಿಂತರು. "ನಿನ್ನ ಅಂಗಡಿಗೆ ಬೆಂಕಿ ಬಿದ್ದಿದ್ರ ನಾ ಕೈ ಕಾಸ್ಕೊಂಡು ಮನೀಗೆ ಹೋಗತಿದ್ದೆ. ಏ ಲಾಟ್ರಿ, ಆ ದಾರದ ಕಾಯಿ ಬಿದ್ದ ದಿನ ಏನಾತು, ನೆನಪೈತೇನು? ಎಷ್ಟು ಮಂದಿ ಕೈ ಹಾಕಿ ಹಾಕಿ ಬರಿಗೈಲೆ ಹೋದ್ರು. ಅದನ್ನ ಯಾವನೂ ನೆನಪಿಟ್ಟಿಲ್ಲ. ಒಬ್ಬಾಕಿಗೆ ಬಿತ್ತು, ಊರಿಗೂರ ನಿನ್ನ ಬಾಗಲಕ್ಕ ಬಿತ್ತು. ನಾ ಆ ದಿನ ಆರು ಅಂದಿದ್ರ? ಕಾಕಾನ ಕೈಯಾಗ ದೇವರ ಅದಾನ ಅಂತಿದ್ರು. ಮರುದಿನದಿಂದ ನನ್ನ ಚೀಟಿಗೆ ಊದಿನಕಡ್ಡಿ ಬೆಳಗತಿದ್ರು. ಆ ಹೆಣ್ಣುಮಕ್ಕಳು ಕೊಳ್ಳಾಗಿನ ತಾಳಿ ಬಿಚ್ಚಿ ನಿನ್ನ ಕೈಯಾಗ ಇಡತಿದ್ರು. ನಾ ಬರದ ಅಂಕಿ ಹಿಡಕೊಂಡು."

"ಆದ್ರ ನಿಮ್ಮ ಕೆಲಸ..."

"ಹೋತು." ಮತ್ತೆ ಸ್ಟೂಲಿನ ಮೇಲೆ ಕುಳಿತರು. ದನಿ ಇಳಿದಿತ್ತು. ಅದು ಇಳಿದದ್ದೇ ನನಗೆ ಹೆಚ್ಚು ಹತ್ತಿತು. "ಒಂದು ದಿನ ಮುಳ್ಳು ಸರಿಸಿಲ್ಲ ನಾ. ಈಗ ತಪ್ಪು ಬರದಾಂವ ಅಂತ ಹೆಸರಾತು, ನಿನ್ನ ಹಾಳ ಕಣ್ಣಿನ ಸಲುವಾಗಿ. ಅದನ್ನ ನಾ ಸಾಯೂತನಾ ಮರಿಯಾಂಗಿಲ್ಲ."

"ನಾ ಎಲ್ಲಾರ ಮುಂದ ಹೇಳಿಬಿಡ್ತೇನ್ರಿ, ತಪ್ಪು ನಂದಂತ."

"ಹೇಳಿದ್ರ ಎಲ್ಲಾ ನೀರಾಗ ಹೋತು. ಆರು ಬಂದಿತ್ತಂತ ಗೊತ್ತಾಗೂದಿಲ್ಲೇನು? ಬಾಯಿ ಮುಚಗೊಂಡಿರು. ಅದ ನಿನಗ ಶಿಕ್ಷಾ. ನಡಿ ಇಲ್ಲಿಂದ."

ಇದನ್ನು ಓದಿ ಅವರನ್ನು ಕರುಣಾಳು ಎಂದು ಯಾರೂ ತಿಳಿಯಬೇಡಿ. ಆಮೇಲೂ ದಾರಿಯಲ್ಲಿ ಎದುರಾದರೆ ನನ್ನ ನೆರಳು ತುಳಿಯದಂತೆ ಸರಿದು ಹೋಗುತ್ತಿದ್ದರು. ಅವರ ಸೊಸೆ ಒಮ್ಮೆ ನನ್ನ ತಾಯಿಗೆ ಕುಂಕುಮ ಕೊಟ್ಟಳೆಂದು ಮನೆಯಲ್ಲಿ ರಂಪ ಮಾಡಿದರಂತೆ. ಅದು ಅವರ ಹಕ್ಕು. ನಾನು ಲಾಟರಿ ಮಾರುತ್ತಲೇ ಇದ್ದೆ, ಆದರೆ ಬಾಯಿ ಮೊದಲಿನಂತೆ ಏಳುತ್ತಿರಲಿಲ್ಲ. ಯಾರಾದರೂ ಹತ್ತು ಟಿಕೆಟು ಕೇಳಿದರೆ ನಾನೂರು ಚೀಲ ಕಣ್ಣ ಮುಂದೆ ಬಂದು ನಿಲ್ಲುತ್ತಿದ್ದವು, ಛತ್ತು ಮುಟ್ಟುವ ಹಾಗೆ. ಒಂದು ಸಲ ಒಬ್ಬ ಹಮಾಲನಿಗೆ, "ಒಂದ ತಗೊಳಪಾ, ಸಾಕು," ಅಂದೆ. ಅವನು ನನಗೆ ಜ್ವರ ಬಂದಿದೆಯೇ ಎಂದು ಕೇಳಿದ.

ಆಮೇಲೆ ಸರಕಾರ ಲಾಟರಿಯನ್ನೇ ಬಂದ್ ಮಾಡಿತು. ತಗಡು ಬಿಚ್ಚಿ ಮಾರಿದೆ. ಕೆಲವು ತಿಂಗಳು ಕಟ್ಟೆ ಕಾದೆ. ಸೀಸನ್ ಹತ್ತಿರ ಬಂದಾಗ ಅದೇ ದಲಾಲಿ ಅಂಗಡಿಯ ಸಾಹುಕಾರರು ಕರೆಸಿದರು, ಲಾಟ್ ಚೀಟಿ ಬರೆಯುವ ಕೆಲಸಕ್ಕೆ. ನನಗೇ ನಂಬಿಕೆ ಬರಲಿಲ್ಲ.

"ನನ್ನ ಹೆಸರ ಯಾರ ಹೇಳಿದ್ರಿ?" ಎಂದು ಕೇಳಿದೆ.

ಸಾಹುಕಾರರು ನಕ್ಕರು. "ತೂಕದ ಕಾಕಾ. ಏನಂದ್ರು ಹೇಳಲೇನು? 'ಬಾಳ ಕೆಟ್ಟ ಮನಶ್ಯಾ ಅಂವಾ. ಆದ್ರ ಅಂಕಿ ಕಂಡ್ರ ಅವನ ಕೈ ನಡಗತೈತಿ. ನಿಮಗ ನಡಗೂ ಕೈನ ಬೇಕು,' ಅಂದ್ರು."

ಕಾಕಾಗೆ ಕೃತಜ್ಞತೆ ಹೇಳಲು ಕೋಲ್ಡ್ ಸ್ಟೋರೇಜಿಗೆ ಹೋದೆ. ಗೇಟಿನ ಒಳಗೆ ಹೋಗಿ ಚಿಲಕ ಹಾಕಿಕೊಂಡರು. ಸೀಸನ್ನಿನಲ್ಲಿ ಒಂದೇ ಒಂದು ದಿನ ಪೇಟೆಗೆ ಬಂದು, ನಾನು ಬರೆದಿಟ್ಟ ಚೀಟಿಗಳನ್ನು ಒಂದೊಂದಾಗಿ ನೋಡುತ್ತ ನಡೆದರು. ಒಂದು ರಾಶಿಯ ಮುಂದೆ ನಿಂತು, ಚೀಟಿಯಲ್ಲಿದ್ದ ಆರರ ಬಾಲವನ್ನು ಕೆಂಪು ಉಗುರಿನಿಂದ ತೋರಿಸಿ, "ಇನ್ನ ಚೂರು ಬಿಡಸಿ ಬರಿ," ಅಂದರು. ಅವರು ನನ್ನ ಜೊತೆ ಆಡಿದ ಕೊನೆಯ ಮಾತು ಅದು. ಬೈಗುಳವಾಗಲಿ ಚುಚ್ಚಾಗಲಿ ಇಲ್ಲದ ಮಾತೂ ಅದೊಂದೇ.

ಅದೇ ಸೀಸನ್ನಿನ ನಡುವೆ, ಒಂದು ಬೆಳಿಗ್ಗೆ, ಚಹಾ ಕುಡಿಯುತ್ತಿದ್ದ ಕಾಕಾ ಬಸಿ ಕೆಳಗಿಟ್ಟು ಗೋಡೆಗೆ ಒರಗಿದರಂತೆ. ಅಷ್ಟೇ. ನಾನು ಹೋಗಿ ಗುಂಪಿನ ಹಿಂದೆ ನಿಂತೆ. ಮೈ ತೊಳೆದು, ವಿಭೂತಿ ಹಚ್ಚಿ ಕೂರಿಸಿದ್ದರು. ತೊಡೆಯ ಮೇಲಿಟ್ಟ ಕೈ ಕಂಡಿತು. ಕೆಂಪು ಹೋಗಿರಲಿಲ್ಲ.

ಅವರು ಹಾಕಿದ ಶಿಕ್ಷೆಯನ್ನು ಇಷ್ಟು ವರ್ಷ ಅನುಭವಿಸಿದೆ. ಈಗ ಲಾಟರಿಯೂ ಇಲ್ಲ, ನಂಬರು ನಂಬಿ ಕೊಳ್ಳುವವರೂ ಇಲ್ಲ ಎಂಬ ಧೈರ್ಯದಿಂದ ಬಾಯಿ ಬಿಟ್ಟಿದ್ದೇನೆ. ಅವರ ಕೈ ತಪ್ಪಿರಲಿಲ್ಲ. ತಪ್ಪಿದ್ದು ನನ್ನ ಕಣ್ಣು.

ಇನ್ನೊಂದು ಮಾತು ಉಳಿದಿದೆ, ಅವರನ್ನು ಮಣ್ಣು ಮಾಡಿ ಬಂದ ನಂತರದ ಪೇಟೆಯ ದಿನದ್ದು. ಎಣಿಕೆ ಮುಂದೆ ಸಾಗುತ್ತ ಆರನೂರಾ ಹದಿನೈದಕ್ಕೆ ಬಂತು. ಮುಂದಿನ ರಾಶಿ ಮೇಡ್ಲೇರಿಯವರೊಬ್ಬರದು. ಚೀಟಿಯನ್ನು ಮೊಣಕಾಲ ಮೇಲಿಟ್ಟು ನಿಧಾನವಾಗಿ ಬರೆದೆ, ಬಾಲವನ್ನು ಚೂರು ಬಿಡಿಸಿ. ೬೧೬. ಎರಡು ಸಲ ನೋಡಿದೆ. ಚೀಟಿ ಸಿಕ್ಕಿಸಲು ಬಂದವನು ಅದೇ ಹಮಾಲ. ಕೈಯಲ್ಲಿ ಹಿಡಿದು ನೋಡಿದ, ನನ್ನನ್ನು ನೋಡಿದ. ಅವನಿಗೂ ನೆನಪಿತ್ತು.

"ಅಣ್ಣಾರ, ಇದು ಆರೋ ಒಂಬತ್ತೋ?"

"ಆರು," ಎಂದೆ.

ಜೋರಾಗಿಯೇ ಹೇಳಿದೆ, ಪಕ್ಕದ ಮೂರು ರಾಶಿಯವರು ತಿರುಗಿ ನೋಡುವಷ್ಟು. ಅವನು ಚೀಟಿ ಸಿಕ್ಕಿಸಿ ಮುಂದಿನ ರಾಶಿಗೆ ಹೋದ. ಘಾಟು ಕಣ್ಣಿಗೆ ಹತ್ತಿತ್ತು. ಒರೆಸಿಕೊಂಡೆ, ಮೊಣಕೈಯಿಂದ.